ವಜೀರ್ ಪಾಷಾ ಕೊಯ್ದು ನೋಡಿದ ದುಬೈ ಬ್ಯಾಗು

ಹೆಡ್ಮಾಸ್ತರಿಗೆ ಬಾಗಿ ನಮಸ್ಕಾರ ಮಾಡುವಾಗ ರಂಗಸ್ವಾಮಿ ಮೇಷ್ಟ್ರ ಹೊಸ ಕೂಲಿಂಗ್ ಗ್ಲಾಸಿನ ಎಡಗಡೆಯ ಗಾಜು ಕಳಚಿ, ನೇರವಾಗಿ ಹೆಡ್ಮಾಸ್ತರ ಕಾಫಿ ಲೋಟಕ್ಕೆ ಬಿತ್ತು. ಅಮೆರಿಕದ ಮಾಲು ಎಂದು ಮೈಸೂರಿನ ಫುಟ್‌ಪಾತಿನಲ್ಲಿ ಕೊಂಡದ್ದು. ನಲವತ್ತೆಂಟನೇ ವಯಸ್ಸಿನ ಶೋಕಿಗೆ ಇಷ್ಟಾದರೂ ಆಗಬೇಡವೇ ಎಂದುಕೊಂಡು ಅವರು ಸಂಜೆ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದಿದ್ದ ವಜೀರ್ ಪಾಷಾನ ಬ್ಯಾಗು ರಿಪೇರಿ ಅಂಗಡಿಗೆ ಹೋದರು. ಪಾಷಾ ಕನ್ನಡಕವನ್ನು ಮೂಸಿದ, ಕಚ್ಚಿದ, ಅದರ ಕಾಲು ತಿರುಚಿ ಲಟಕ್ಕೆಂದು ಮುರಿದು ಕೈಗಿಟ್ಟ.

"ಮೂರನೇ ನಂಬರ್ ಡೂಪ್ಲಿಕೇಟು ಸಾ. ಎಸೀರಿ ಅತ್ಲಾಗೆ."

ಇದು ತೊಂಬತ್ತಾರರ ಮಾತು. ಪಾಷಾ ಮುಂಬಯಿಯ ಬ್ಯಾಗು ಕಾರ್ಖಾನೆಯಲ್ಲಿ ಏಳು ವರ್ಷ ನಕಲಿ ಮಾಲು ಹೊಲಿದು ಬಂದವನು. ಫಾರಿನ್ ಹೆಸರಿನ ಬೆಲ್ಟು, ವಾಚು, ಪರ್ಸು ಕೊಂಡವರು ಅಸಲಿಯೋ ನಕಲಿಯೋ ತಿಳಿಯಲು ಕಿರಂಗೂರಿನಿಂದ, ಶೀಳನೆರೆಯಿಂದ ಅವನ ಹತ್ತಿರ ಬರುತ್ತಿದ್ದರು. ಅವನ ಪರೀಕ್ಷೆಯೋ ಕೊಲೆಗೆ ಸಮ. ಬೆಲ್ಟಿಗೆ ಕಡ್ಡಿ ಗೀರುತ್ತಿದ್ದ, ವಾಚನ್ನು ಕಂಬಕ್ಕೆ ಬಡಿಯುತ್ತಿದ್ದ. ಹೊಣಕೆರೆಯ ಒಬ್ಬ ತನ್ನ ವಾಚಿನ ಗತಿ ಕಂಡು ಪಾಷಾನ ಮುಂದಿನ ಹಲ್ಲು ಉದುರಿಸಿದ್ದ. ಬಾಯೊರೆಸಿಕೊಂಡ ಪಾಷಾ, "ಆದ್ರೂ ಡೂಪ್ಲಿಕೇಟೇ ಕಣ್ಲಾ" ಎಂದಿದ್ದನಂತೆ.

ಆ ವರ್ಷ ಅವನ ಮಗಳು ಅಸ್ಫಿಯಾಳಿಗೆ ಪಾಂಡವಪುರದ ಯಾಸಿನ್ ಎಂಬ ಹುಡುಗ ಗೊತ್ತಾದ. ದುಬೈನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದೆ ಎನ್ನುತ್ತಿದ್ದ. ಅಸ್ಫಿಯಾಳಿಗೆ ಅದೇ ಅನುಮಾನ. "ಅಬ್ಬಾ, ಬಡವ ಆದ್ರೂ ಆಗ್ಲಿ. ಸುಳ್ಳ ಆದ್ರೆ ನಾನೊಲ್ಲೆ" ಎಂದಳು. ಗಂಡಿನ ಕಡೆಯವರು ಬರುವ ದಿನ ತಾಯಿ ಅಕ್ಬರಿ ಬೇಗಂ ಗಂಡನಿಗೆ ಕೈಮುಗಿದಳು: "ಇವತ್ತೊಂದಿನ ಯಾವ್ದುನ್ನೂ ಮುಟ್ಬ್ಯಾಡಿ!"

ಮಾತುಕತೆಗೆ ಮೇಷ್ಟ್ರನ್ನೂ ಕರೆದಿದ್ದರು. ಅವರ ಮರ್ಯಾದೆಗೆಂದು ಎಲ್ಲರೂ ಕನ್ನಡದಲ್ಲೇ ಆಡುತ್ತಿದ್ದರು. ಯಾಸಿನ್ ಹೆಣ್ಣಿಗೆಂದು ತಂದ ವ್ಯಾನಿಟಿ ಬ್ಯಾಗನ್ನು ಮುಂದಿಟ್ಟ. "ಇಟಲಿ ಕಂಪ್ನೀದು. ಓದ್ವರ್ಸ ದುಬೈನಲ್ಲೇ ತಗಂಡೆ."

ಪಾಷಾ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಆದರೆ ಬಿರಿಯಾನಿ ತಟ್ಟೆ ಇಡಲು ಜಾಗ ಸಾಲದೆ ಬೇಗಂ ತಾನೇ ಆ ಬ್ಯಾಗನ್ನು ಅವನ ತೊಡೆಗೆ ಹಾಕಿಬಿಟ್ಟಳು. ಕೈ ಹೊರಬಂತು, ಹೆಬ್ಬೆರಳು ತಾನಾಗಿ ಬ್ಯಾಗಿನ ತಳ ಒತ್ತಿತು. ಒಳಗೆ ಸರಸರ ಸದ್ದು. ಯಾರೂ ತಡೆಯುವ ಮೊದಲೇ ಪಾಷಾ ಜೇಬಿನ ಬ್ಲೇಡಿನಿಂದ ಒಳಬಟ್ಟೆಯನ್ನು ಉದ್ದಕ್ಕೆ ಸೀಳಿದ. ತಳ ಗಟ್ಟಿಯಾಗಿರಲೆಂದು ಮಡಚಿಟ್ಟಿದ್ದ ಪೇಪರು ಹೊರಬಂತು.

"ಏನೈತೆ ನೋಡಿ ಮೇಷ್ಟ್ರೇ."

ಮೇಷ್ಟ್ರು ಹಿಂದಿ ಪಂಡಿತರು; ಮರಾಠಿಗೂ ಅದೇ ಲಿಪಿ. ಇಪ್ಪತ್ತು ವರ್ಷದಲ್ಲಿ ಅವರಿಂದ ಯಾರೂ ಆಸೆಯಿಂದ ಏನನ್ನೂ ಓದಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಮುಂಬಯಿ. ಮರಾಠಿ ಪತ್ರಿಕೆ. ತಾರೀಖು, ಎರಡು ತಿಂಗಳ ಹಿಂದಿಂದು." ಅಷ್ಟಕ್ಕೇ ಬಿಡದೆ, "ಹೋದ ವರ್ಷ ಅಂದ್ರಲ್ಲಪ್ಪಾ?" ಎಂದೂ ಸೇರಿಸಿದರು.

"ಬಾಂಬೇಲಿ ಎಷ್ಟ್ ದಿನ ಇದ್ದೆ ಬೇಟಾ?" ಎಂದ ಪಾಷಾ, ಮೆಲ್ಲಗೆ.

ಯಾಸಿನ್ ಸೊಂಟದ ಬೆಲ್ಟು ಎಳೆದ. ಮೊದಲನೇ ಏಟು ಪಾಷಾನ ಭುಜಕ್ಕೆ, ಎರಡನೆಯದು ಹುಬ್ಬಿಗೆ. ಬಕಲ್ಲು ಚರ್ಮ ಸೀಳಿ ರಕ್ತ ಬಿರಿಯಾನಿಯ ಮೇಲೆ ಚಿಮ್ಮಿತು. ಕ್ಲಾಸಿನ ಅಭ್ಯಾಸದಲ್ಲಿ "ಸೈಲೆನ್ಸ್!" ಎಂದು ನಡುವೆ ನುಗ್ಗಿದ ಮೇಷ್ಟ್ರು ಎದೆಗೆ ಮೊಣಕೈ ತಿಂದು ಮಿಠಾಯಿ ತಟ್ಟೆಯ ಮೇಲೆ ಕೂತರು. ಅಲ್ಲಿಂದ ಮುಂದೆ ನಡೆದದ್ದನ್ನು ಮಂಚದ ಕೆಳಗಿನಿಂದಲೇ ಕಂಡರು. ಯಾಸಿನ್ ನೆಲಕ್ಕೆ ಬಿದ್ದ ಪಾಷಾನ ಪಕ್ಕೆಗೆ ಒದೆಯುತ್ತಿದ್ದ. "ನಮ್ಮ್ ಮಾನ ಕಳೀತೀಯೇನ್ಲಾ ಮುದುಕಾ!"

ಅಸ್ಫಿಯಾ ಬ್ಯಾಗಿನ ಪಟ್ಟಿ ಹಿಡಿದು ಬೀಸಿ ಅವನ ಮುಖಕ್ಕೆ ಅಪ್ಪಳಿಸಿದಳು. ಮೂಗಿನಲ್ಲಿ ರಕ್ತ ಸುರಿಯಿತು. "ನಾನೊಲ್ಲೆ" ಎಂದು ಇನ್ನೊಂದು ಏಟು. ಮೂರನೆಯದಕ್ಕೆ ಪಟ್ಟಿ ಕಿತ್ತುಹೋಯಿತು. ಅವಳು ಒನಕೆ ಹುಡುಕುವಷ್ಟರಲ್ಲಿ ಗಂಡಿನ ಕಡೆಯವರು ಅವನನ್ನು ಎಳೆದುಕೊಂಡು ಓಡಿದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಹುಬ್ಬಿಗೆ ಐದು ಹೊಲಿಗೆ ಬಿತ್ತು. ಪಕ್ಕದಲ್ಲಿ ಅಸ್ಫಿಯಾ ತಂದೆಯ ಕೈ ಹಿಡಿದು ನಿಂತಿದ್ದಳು. ಪೊಲೀಸರಿಗೆ ಬರೆದು ಕಳಿಸಬೇಕೆಂದು ಡಾಕ್ಟರಮ್ಮ ಪೆನ್ನು ತೆಗೆದರು.

"ಯಾವುದರಲ್ಲಿ ಹೊಡೆದದ್ದು?"

ಪಾಷಾ ಊದಿದ ಕಣ್ಣನ್ನು ಅರ್ಧ ತೆರೆದ.

"ಬೆಲ್ಟಲ್ಲಿ ಡಾಕ್ಟ್ರಮ್ಮ. ಪಟ್ಟಿ ರೆಕ್ಸಿನ್ನು, ಸೆಕೆಂಡ್ಸ್ ಮಾಲು. ಬಕಲ್ ಮಾತ್ರ ಚೆನ್ನಾಗೈತೆ ಅಂತ ಬರ್ಕಳಿ."