ಎರಡನೆಯ ಸಲ ಹೇಳದ ಸುದ್ದಿ

ನೆನೆಸಿದ ಅವರೆಕಾಳು ಹಿಚುಕುತ್ತಾ ಅಡುಗೆಮನೆಯ ಸಿಂಕಿನ ಮುಂದೆ ನಿಂತಿದ್ದೆ. ಫ್ರೋಜನ್ ಕಾಳು, ಸಿಪ್ಪೆ ಬೇಗ ಬಿಡುವುದಿಲ್ಲ. ಕಿಟಕಿಯ ಬಳಿಯ ಪುಟ್ಟ ರೇಡಿಯೊದಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ನನ್ನ ಗೆಳತಿ ಮಾತಾಡುತ್ತಿದ್ದಳು. ನಮ್ಮ ಕಡೆಯ ಕಮ್ಯುನಿಟಿ ಕಾಲೇಜಿನ ರೇಡಿಯೊ ಅದು. ಅಲ್ಲಿ ಓದಲು ಹೋದವಳು ಬೆಳಗಿನ ಕಾರ್ಯಕ್ರಮ ನಡೆಸುತ್ತಾ ಅಲ್ಲೇ ಉಳಿದುಬಿಟ್ಟಿದ್ದಳು. ಅಲ್ಲಿಯ ಪದ್ಧತಿ ಒಂದೇ. ಏನೇ ಇರಲಿ, ಮೊದಲು ಇಂಗ್ಲಿಷಿನಲ್ಲಿ ಹೇಳಬೇಕು, ಆಮೇಲೆ ಅದನ್ನೇ ಸ್ಪ್ಯಾನಿಷಿನಲ್ಲಿ. ದೇವರಿಗೆ ದೀಪ ಹಚ್ಚಿ ಬಂದು ದಿನವೂ ಕೇಳಿ ಕೇಳಿ, ಮಂಜು, ಬಿಸಿಲು, ಮಳೆಯ ಸ್ಪ್ಯಾನಿಷ್ ಮಾತುಗಳು ನನಗೂ ಗುರುತಾಗಿದ್ದವು.

ಅವತ್ತು ಅವಳು ಇಂಗ್ಲಿಷಿನಲ್ಲಿ, ಈ ತಿಂಗಳ ಕೊನೆಗೆ ನಮ್ಮ ಸ್ಟೇಷನ್ನನ್ನು ಮುಚ್ಚುತ್ತಾರೆ ಎಂದಳು. ಕಾಳು ಕೈಯಲ್ಲೇ ಉಳಿಯಿತು. ಇದನ್ನು ಸ್ಪ್ಯಾನಿಷಿನಲ್ಲಿ ಹೇಗೆ ಹೇಳುತ್ತಾಳೋ ಎಂದು ಕಾದೆ. ಹೇಳಲಿಲ್ಲ. ಬೆಳಿಗ್ಗೆ ಮಂಜು, ಆಮೇಲೆ ಬಿಸಿಲು ಎಂದು ಹವಾಮಾನವನ್ನೇ ಸ್ಪ್ಯಾನಿಷಿನಲ್ಲಿ ಇನ್ನೊಮ್ಮೆ ಹೇಳಿ ಹಾಡು ಹಾಕಿಬಿಟ್ಟಳು.

ಯಾಕೆಂದು ನನಗೆ ಗೊತ್ತಿತ್ತು. ಅವಳ ತಾಯಿ ಪಕ್ಕದ ಊರು ಮಾರ್ಗನ್ ಹಿಲ್‌ನಲ್ಲಿ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಇದ್ದರು. ಮನೆಮಾತು ಸ್ಪ್ಯಾನಿಷ್, ಇಂಗ್ಲಿಷ್ ಒಂದು ಅಕ್ಷರ ಬಾರದು. ಎದುರಿಗೆ ಬಂದು ಕೂತ ಮಗಳನ್ನು ಅವರು ಗುರುತಿಸುತ್ತಿರಲಿಲ್ಲ. ರೇಡಿಯೊದಲ್ಲಿ ಬರುವ ದನಿ ಮಾತ್ರ ಮಗಳು. ಆ ದನಿ ಇಂಗ್ಲಿಷ್ ಮುಗಿಸಿ ಸ್ಪ್ಯಾನಿಷಿಗೆ ಹೊರಳಿದಾಗ ಅಜ್ಜಿ ಬಾಯಿ ತೆರೆಯುತ್ತಿದ್ದರು, ಆಗ ನರ್ಸು ಗಂಜಿ ಉಣಿಸುತ್ತಿದ್ದಳು. ಉಳಿದ ಹೊತ್ತೆಲ್ಲ ತುಟಿ ಬಿಗಿ.

ಮಧ್ಯಾಹ್ನ ಗೆಳತಿ ನಮ್ಮನೆಗೆ ಬಂದಳು. ಬಿಸಿ ಅನ್ನಕ್ಕೆ ಹಿತಕವರೆ ಸಾರು ಬಡಿಸಿದೆ.

"ಇಷ್ಟೇನಾ ನಿಮ್ಮ ಖಾರ?" ಎಂದು ಎಂದಿನಂತೆ ಕೆಣಕಿದಳು. ನಮ್ಮಿಬ್ಬರ ಮಾತು ನಡೆಯುವುದು ಇಂಗ್ಲಿಷಿನಲ್ಲಿ, ಇಬ್ಬರಿಗೂ ಅದು ಎರವಲು. ಆಮೇಲೆ ತಟ್ಟೆ ನೋಡುತ್ತಾ, "ಅಮ್ಮನಿಗೆ ನನ್ನ ಬಾಯಿಂದಲೇ ಅದನ್ನ ಹೇಗೆ ಹೇಳಲಿ, ಹೇಳು?" ಎಂದಳು. ಇನ್ನೊಂದು ಸೌಟು ಸಾರು ಹಾಕಿದೆ.

ಸಂಜೆ ನಮ್ಮವರು ಆಫೀಸಿನಿಂದ ಬಂದು ಎಲ್ಲ ಕೇಳಿಸಿಕೊಂಡರು. "ಇಷ್ಟಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀರಾ? ಫೋನಲ್ಲಿ ರೆಕಾರ್ಡ್ ಮಾಡಿ ದಿನಾ ಪ್ಲೇ ಮಾಡಿದ್ರಾಯ್ತು."

"ಅಜ್ಜಿ ಏನು ನಿಮ್ಮ ಆಫೀಸಿನ ಮೀಟಿಂಗಾ, ರೆಕಾರ್ಡಿಂಗ್ ಹಾಕ್ಬಿಟ್ಟು ಎದ್ದು ಹೋಗಕ್ಕೆ?" ಎಂದೆ. ಎಂದೆನಾದರೂ ನನಗೂ ಬೇರೆ ದಾರಿ ತೋಚಿರಲಿಲ್ಲ.

ಮಾರನೆಯ ದಿನ ನಮ್ಮ ಡೈನಿಂಗ್ ಟೇಬಲ್ಲಿನ ಮುಂದೆಯೇ ಕೂತು ರೆಕಾರ್ಡ್ ಮಾಡಿದೆವು. ಅಜ್ಜಿಗೆ ಇಂಗ್ಲಿಷ್ ಯಾಕೆ ಎಂದು ಬರೀ ಸ್ಪ್ಯಾನಿಷ್ ಹೇಳಿಸಿದೆ. ಅಲ್ಲಿ ನರ್ಸು ಅದನ್ನು ಫೋನಿನಲ್ಲಿ ಹಾಕಿದರೆ ಅಜ್ಜಿ ಚಮಚ ತಳ್ಳಿದರು. ಇಂಗ್ಲಿಷ್ ಮೊದಲು ಬರದೆ ಅದು ಅವರ ಮಗಳಾಗುವುದು ಹೇಗೆ? ನಮಗೆ ತಡವಾಗಿ ಹೊಳೆಯಿತು. ಇಂಗ್ಲಿಷ್ ಸೇರಿಸಿ ಮತ್ತೆ ಮಾಡಿದೆವು. ಅಷ್ಟರಲ್ಲಿ ಅಜ್ಜಿಗೆ ಆ ಫೋನೇ ಬೇಡವಾಗಿತ್ತು. ಅದನ್ನು ಕಂಡರೆ ಮುಖ ತಿರುಗಿಸಿ ರೇಡಿಯೊ ತೋರಿಸುತ್ತಿದ್ದರಂತೆ. ಸ್ಟೇಷನ್ ಇನ್ನೂ ಇತ್ತು, ಆ ತಿಂಗಳೆಲ್ಲ ಬೆಳಗಿನ ಗಂಜಿ ಹೊಟ್ಟೆಗೆ ಹೋಯಿತು. ಅದೂ ದೇವರು ಕೊಟ್ಟದ್ದೇ ಎಂದುಕೊಂಡು ದಿನವೂ ರಾಯರ ಮುಂದೆ ಒಂದು ಹೂವು ಹೆಚ್ಚು ಇಟ್ಟೆ. ಬೇರೇನು ಮಾಡುವುದೂ ನನ್ನ ಕೈಲಿರಲಿಲ್ಲ.

ಸ್ಟೇಷನ್ ಮುಚ್ಚಿದ ಮರುದಿನ ಬೆಳಿಗ್ಗೆ ಗೆಳತಿಯ ಫೋನು ಬಂತು. ಅಮ್ಮನ ಮಂಚದ ಪಕ್ಕದಲ್ಲೇ ಕೂತಿದ್ದಳು.

"ಅಮ್ಮ ರೇಡಿಯೊ ಕಿವಿಗೆ ಹಿಡ್ಕೊಂಡಿದಾಳೆ. ಬರೀ ಸುಂಯ್ ಅಂತಿದೆ. ನಾನು ಮಾತಾಡಿಸೋಕೆ ಹೋದ್ರೆ, ಸುಮ್ನಿರಮ್ಮಾ, ನನ್ನ ಮಗಳು ಬರೋ ಹೊತ್ತು ಅಂತಾಳೆ."

ಆ ಸುಂಯ್ ಫೋನಿನಲ್ಲಿ ನನಗೂ ಕೇಳುತ್ತಿತ್ತು.

"ಇವತ್ತು ಇಂಗ್ಲಿಷು ತುಂಬಾ ಉದ್ದ ಆಯ್ತು ಅಂತಾಳೆ," ಎಂದಳು.

ನಾನು ಕೇಳಿದೆ. "ಏನಾದ್ರೂ ತಿಂದರಾ?"

"ಈಗ ಬರ್ತಾಳೆ ಅಂತ ಬಾಯಿ ತೆರೆದಿದ್ಲು. ಆಗ ಎರಡು ಚಮಚ ಹಾಕಿದೆ."

"ಎರಡು ಚಮಚ ಹೋಯ್ತಲ್ಲ," ಎಂದೆ. ಫೋನಿಟ್ಟು, ಡ್ರೈಯರಿನಿಂದ ತೆಗೆದಿಟ್ಟಿದ್ದ ಬಟ್ಟೆ ಮಡಿಸಲು ಕೂತೆ.