ಗುರುವಾರದ ಬಾಯಮ್ಮ

ಬಾಯಮ್ಮನ ಎಡಭುಜ ಬಲಭುಜಕ್ಕಿಂತ ತಗ್ಗಿತ್ತು. ಸೀರೆಯ ಸೆರಗು ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಎರಡೆರಡು ಪಿನ್ನು ಚುಚ್ಚಿಕೊಂಡರೂ ಜಾರಿ ಮೊಣಕೈಗೆ ಬರುತ್ತಿತ್ತು. "ಎಂತ ಮಾಡದು ಟೀಚರೇ, ಇಟಲಿ ಅಜ್ಜಿ ಅಷ್ಟೂ ವರ್ಷ ಈ ಹೆಗಲನ್ನೇ ಹಿಡ್ಕೊಂಡು ಏಳ್ತಿತ್ತು, ಕೂರ್ತಿತ್ತು" ಎಂದು ಸೆರಗನ್ನು ಮೇಲೆಸೆದುಕೊಳ್ಳುತ್ತಿದ್ದರು. ದೂರು ಹೇಳುವ ದನಿಯೇನಲ್ಲ, ಸ್ವಲ್ಪ ಜಂಬವೇ ಇತ್ತು.

ಹೊಸನಗರದ ಕಡೆಯ ಕ್ರಿಶ್ಚಿಯನ್ ಮನೆಯವರು. ಮನೆಯೊಳಗೆ ಕೊಂಕಣಿ, ಹೊಸ್ತಿಲು ದಾಟಿದರೆ ಕನ್ನಡ. ಅಂಥ ಮನೆಗಳ ಹೆಂಗಸರನ್ನು ನಾವು ಬಾಯಮ್ಮ ಅಂತಲೇ ಕರೆಯುವುದು. ಗಂಡ ಬೇಗ ತೀರಿಕೊಂಡ ಮೇಲೆ ಗೋವಾದ ನೆಂಟರ ಜೊತೆ ಇಟಲಿಗೆ ಹೋಗಿ, ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಹಿಡಿದವರು. ಕೊನೆಗೆ ನೋಡಿಕೊಂಡ ಅಜ್ಜಿ ತೀರಿದ ಮೇಲೆ ವಾಪಸ್ ಬಂದು, ಸಾಗರದಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಸೇರಿದರು. ಬಾಯಿ ಜೋರು. ನಂದೇನು ಕಡಿಮೆಯೇ? ಹೈಸ್ಕೂಲು ಮಕ್ಕಳ ಮುಂದೆ ಕೂಗಿ ಕೂಗಿ ರಿಟೈರ್ ಆದವಳು. ಮೊದಲ ವಾರವೇ ಕಸದ ವಿಷಯಕ್ಕೆ ಜಗಳವಾಡಿದೆವು. ಸಂಜೆಗೆ ಅವರೇ ಒಂದು ತಟ್ಟೆ ಸಣ್ಣ ಬಿಸ್ಕತ್ತು ತಂದು, "ಬೈದು ಬೈದು ಹಸಿವಾಗಿರ್ತದೆ, ತಿನ್ನಿ" ಎಂದರು.

ಅವರಿದ್ದದ್ದು ಇಟಲಿಯ ಅಂಚಿನ ಒಂದು ಊರು. ರೈಲ್ವೆ ಸ್ಟೇಷನ್ನಿನ ಎದುರಿನ ಚೌಕದಲ್ಲಿ ಈ ಕಡೆ ನಿಂತರೆ ಇಟಲಿ, ಆ ಕಡೆ ನಾಲ್ಕು ಹೆಜ್ಜೆ ಹೋದರೆ ಸ್ಲೊವೇನಿಯಾ. ಅಜ್ಜಿ ಬೆಕ್ಕಿನ ಜೊತೆ ಒಂದು ಭಾಷೆ, ಪಾದ್ರಿಯ ಜೊತೆ ಇನ್ನೊಂದು ಭಾಷೆ ಆಡುತ್ತಿದ್ದಳಂತೆ. ಹುಟ್ಟಿದ ಬೀದಿ ಬಿಟ್ಟು ಕದಲದಿದ್ದರೂ ಯುದ್ಧದ ನಂತರ ಗಡಿ ಸರಿದು ಸುತ್ತಲಿನ ದೇಶ ಬದಲಾಗಿತ್ತು. ಬಾಯಮ್ಮನ ಅಪ್ಪನ ಮನೆಯೋ, ಅವರು ಎಳೆಕೂಸಾಗಿದ್ದಾಗಲೇ ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. "ಅಜ್ಜಿದು ಮನೆ ಅಲ್ಲೇ ಇತ್ತು, ದೇಶ ಹೋಯ್ತು. ನಮ್ದು ದೇಶ ಇಲ್ಲೇ ಇತ್ತು, ಮನೆ ಹೋಯ್ತು. ಅದ್ಕೇ ನಮ್ಮಿಬ್ರಿಗೆ ಸರಿಹೋಯ್ತು ನೋಡಿ" ಎಂದು ನಗುತ್ತಿದ್ದರು.

ಅಜ್ಜಿಯ ತಂಗಿಯ ಮನೆ ಚೌಕದ ಆಚೆ. ಕೊರೊನಾ ಬಂದಾಗ ಚೌಕದ ನಟ್ಟನಡುವೆ ಕಬ್ಬಿಣದ ಬೇಲಿ ಎದ್ದಿತು. ತಂಗಿಯನ್ನು ನೋಡದೆ ಅಜ್ಜಿ ಊಟ ಬಿಟ್ಟಳು. ಬಾಯಮ್ಮ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ನೆಟ್ಟಗೆ ಬೇಲಿಯ ಬುಡಕ್ಕೆ ದಬ್ಬಿಕೊಂಡು ಹೋದರಂತೆ. ಪೊಲೀಸಿನವನು ಅಡ್ಡ ಬಂದ. "ನಾನು ಕನ್ನಡದಾಗೇ ಶುರು ಹಚ್ಕೊಂಡೆ. 'ನಿಂಗೂ ಅಕ್ಕ ತಂಗಿ ಇಲ್ವನ? ನಿನ್ ಮುಖಕ್ಕಿಷ್ಟು' ಅಂತ. ಪಾಪ, ಹುಡುಗ. ಆ ಕಡೆ ತಿರುಗಿ ನಿಂತ." ಅಕ್ಕತಂಗಿಯರು ಬೇಲಿಯ ಎರಡು ಪಕ್ಕ ಕೂತರಂತೆ. ತಂತಿಯ ಸಂದಿಯಲ್ಲಿ ಬೆರಳು ಬೆರಳು ಹಿಡಿದುಕೊಂಡು ಅತ್ತರಂತೆ. ಇದನ್ನು ಹೇಳುವಾಗ ಬಾಯಮ್ಮ ಪ್ರತಿಸಲ ಪೊಲೀಸಿನವನ ಭಾಗಕ್ಕೆ ಜೋರಾಗಿ ನಗುತ್ತಿದ್ದರು, ಬೆರಳಿನ ಭಾಗ ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು.

ಕಾರಣ ನನಗೆ ತಡವಾಗಿ ತಿಳಿಯಿತು. ಅವರು ಹೋದ ಹೊಸದರಲ್ಲಿ ಅಲ್ಲಿರಲು ಸರಿಯಾದ ಪರವಾನಗಿ ಇರಲಿಲ್ಲ. ದೇಶ ಬಿಟ್ಟು ಹೊರಗೆ ಬಂದರೆ ತಿರುಗಿ ಒಳಗೆ ಬಿಡುವುದಿಲ್ಲ. ಅಂಥ ಹೊತ್ತಿನಲ್ಲೇ ಹೊಸನಗರದಲ್ಲಿ ಅವರ ಅಮ್ಮ ಹಾಸಿಗೆ ಹಿಡಿದದ್ದು. ತಮ್ಮನ ಮಕ್ಕಳ ಓದೆಲ್ಲ ಇವರ ದುಡಿಮೆಯ ಮೇಲೆ. ಹೋಗಲೋ ಬೇಡವೋ ಎನ್ನುತ್ತಿರುವಾಗಲೇ ಅಮ್ಮ ಹೋಗಿಬಿಟ್ಟರು. "ಬೇರೆಯವರ ಅಮ್ಮನಿಗೆ ಗಂಜಿ ಕುಡಿಸ್ತಾ ಇದ್ದೆ ಟೀಚರೇ. ತಮ್ಮ ಮಣ್ಣು ಹಾಕೋ ಜಾಗದಲ್ಲಿ ಫೋನ್ ಹಿಡ್ದ. ಮಳೆ ಸದ್ದು ಬಿಟ್ರೆ ಎಂತದೂ ಕೇಳ್ಲಿಲ್ಲ."

ಇನ್ನು ಗುರುವಾರದ ವಿಷಯ. ಇಟಲಿಯಲ್ಲಿ ಹೀಗೆ ಮನೆಯಲ್ಲೇ ಇದ್ದು ಮುದುಕರನ್ನು ನೋಡಿಕೊಳ್ಳುವ ಹೆಂಗಸರಿಗೆ ಗುರುವಾರ ಮಧ್ಯಾಹ್ನ ಬಿಡುವು. ಉಕ್ರೇನಿನವಳು, ಮೊಲ್ಡೊವಾದವಳು, ಪೆರುವಿನವಳು, ನಮ್ಮ ಬಾಯಮ್ಮ, ಎಲ್ಲ ಪಾರ್ಕಿನ ಬೆಂಚಿನಲ್ಲಿ ಸೇರಿ ತಂದದ್ದು ಹಂಚಿಕೊಂಡು, ಯಜಮಾನಿಯರನ್ನು ಬೈದುಕೊಂಡು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದರಂತೆ. ಆ ಪದ್ಧತಿಯನ್ನು ಬಾಯಮ್ಮ ಸಾಗರಕ್ಕೂ ತಂದರು. ಪಾರ್ಶ್ವವಾಯುವಾಗಿದ್ದ ನನ್ನ ಅಮ್ಮನನ್ನು ನೋಡಿಕೊಳ್ಳಲು ನಮ್ಮ ಮನೆಯಲ್ಲಿ ಜಾರ್ಖಂಡಿನ ಹುಡುಗಿಯೊಬ್ಬಳಿದ್ದಳು. ಅವಳಿಗೆ ಗುರುವಾರ ರಜೆ ಕೊಡಲೇಬೇಕೆಂದು ಹಟ ಹಿಡಿದರು.

"ಗುರುವಾರ ರಜೆ ಅಂದ್ರೆ ಅದ್ಯಾವ ದೇಶದ ಕಾನೂನು ಬಾಯಮ್ಮ?" ಎಂದು ನಮ್ಮೆಜಮಾನರು ಕೆಣಕಿದರು.

"ನಂದು. ಬೇಕಿದ್ರೆ ನಿಮ್ಮತ್ತೆ ಹತ್ರ ಅಷ್ಟೊತ್ತು ನೀವ್ ಕೂತ್ಕಳಿ."

ನಾವೇ ಕೂತೆವು. ಬಾಯಮ್ಮನ ಜಗಲಿಯಲ್ಲಿ ನಮ್ಮ ಹುಡುಗಿ, ಬೇಕರಿಯ ನೇಪಾಳಿ ಹೆಂಗಸರು, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನ ಕಡೆಯವಳು ಸೇರಿ ಕಾಫಿ ಕುಡಿಯುತ್ತ ಕಿಲಕಿಲ ನಗುವುದು ನಮ್ಮ ಕಿಟಕಿಗೆ ಕೇಳುತ್ತಿತ್ತು. ಯಾವ ಭಾಷೆಯೋ ದೇವರೇ ಬಲ್ಲ. ಬಾಯಮ್ಮ ಸಿಟ್ಟು ಬಂದಾಗ ಮಾತ್ರ ಎಲ್ಲರಿಗೂ ಸಮನಾಗಿ ಇಟಾಲಿಯನ್ನಿನಲ್ಲಿ ಬೈಯುತ್ತಿದ್ದರು.

ಕಳೆದ ವರ್ಷ ಮಳೆಗಾಲದ ಮೊದಲಲ್ಲಿ ಆ ಹುಡುಗಿಗೆ ಊರಿನಿಂದ ಫೋನು ಬಂತು. ತಾಯಿಗೆ ಜೋರು, ಬೇಗ ಬಾ ಎಂದು. ಹುಡುಗಿ ಅಡುಗೆಮನೆಯ ನೆಲದಲ್ಲಿ ಕುಸಿದು ಕೂತಳು. ನನ್ನ ಅಮ್ಮನಿಗೋ ಬೆನ್ನಿನಲ್ಲಿ ಹುಣ್ಣಾಗಿ, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಬೇಕು. ನನ್ನ ಸೊಂಟ ಆ ಕೆಲಸಕ್ಕೆ ಬಗ್ಗುವುದಿಲ್ಲ. ಆ ಮಳೆಯಲ್ಲಿ ಬೇರೆ ಜನ ಎಲ್ಲಿಂದ ತರುವುದು? "ಈಗ ಬಿಟ್ರೆ ಇವ್ಳು ತಿರುಗಿ ಬರಲ್ಲ. ಬೇರೆಯವರು ಸಿಕ್ಕಿದ ಮೇಲೆ ಹೋಗ್ಲಿ" ಎಂದರು ನಮ್ಮೆಜಮಾನರು. ಅವಳಮ್ಮನೋ ನನ್ನಮ್ಮನೋ ಎನ್ನುವ ಹಾಗಾಯಿತು.

ಬಾಯಮ್ಮ ಬಂದರು, ಕಂಕುಳಲ್ಲಿ ದಿಂಬು, ಕೈಯಲ್ಲಿ ಬಟ್ಟೆಯ ಚೀಲ. ಆಗಲೇ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಬ್ಬಸ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರು. "ಅವ್ಳು ಇವತ್ತೇ ಹೊರಡ್ಲಿ. ನಿಮ್ಮಮ್ಮನ್ನ ನಾನು ನೋಡ್ಕಳ್ತೀನಿ" ಎಂದರು.

"ನಿಮ್ಗೆ ಆಗದು ಬಾಯಮ್ಮ, ಸುಮ್ನಿರಿ."

"ನಾನು ಸುಮ್ನಿದ್ದದ್ದು ಒಂದ್ಸಲ ಸಾಕು" ಎಂದವರೇ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದರು.

ಅವಳು ರೈಲು ಬದಲಿಸಿ, ಬಸ್ಸು ಬದಲಿಸಿ ಊರು ಸೇರುವವರೆಗೆ ಬಾಯಮ್ಮ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ವಿಡಿಯೋ ಕಾಲ್ ಬಂತು. ಚಾಪೆಯ ಮೇಲೆ ಕಡ್ಡಿಯಂಥ ಹೆಂಗಸು, ಅವಳ ತಲೆ ನಮ್ಮ ಹುಡುಗಿಯ ತೊಡೆಯ ಮೇಲೆ. ಆ ತಾಯಿ ನಮಗರ್ಥವಾಗದ ಮಾತಿನಲ್ಲಿ ಏನೋ ಹೇಳಿ ಕೈ ಎತ್ತಿದಳು. ಬಾಯಮ್ಮ ಫೋನನ್ನು ಎದೆಗೊತ್ತಿಕೊಂಡು ಗಳಗಳ ಅತ್ತರು. ನಾನೂ ಅತ್ತೆ. ಮಾರನೆಯ ದಿನ ಆ ತಾಯಿ ಹೋದಳು.

ಹುಡುಗಿ ತಿರುಗಿ ಬರಲಿಲ್ಲ. ಊರಲ್ಲಿ ಚಿಕ್ಕ ತಮ್ಮ ತಂಗಿಯರಿದ್ದರು. "ನಾ ಹೇಳ್ಲಿಲ್ವಾ?" ಎಂದು ನಮ್ಮೆಜಮಾನರು ಗೊಣಗಿದಾಗ ಬಾಯಮ್ಮ ಅಮ್ಮನ ಮಗ್ಗುಲು ಬದಲಿಸುತ್ತಲೇ ಹೇಳಿದರು: "ಬರ್ಲಿ ಅಂತ ಕಳ್ಸಿದ್ದಲ್ಲ, ಮುಟ್ಲಿ ಅಂತ ಕಳ್ಸಿದ್ದು." ದೀಪಾವಳಿಯ ಹೊತ್ತಿಗೆ ಅಮ್ಮ ತೀರಿಕೊಂಡರು. ಅಲ್ಲಿಯವರೆಗೂ ಅವರ ಕೈ ಬಿಗಿಯಾಗಿ ಹಿಡಿದಿದ್ದದ್ದು ಬಾಯಮ್ಮನ ಅದೇ ಹೆಗಲನ್ನು. ಈ ಋಣ ನಾನು ತೀರಿಸುವಂಥದ್ದಲ್ಲ.

ಈ ಬೇಸಿಗೆಯಲ್ಲಿ ಬಾಯಮ್ಮ ತಮ್ಮನ ಮನೆಗೆಂದು ಹೊಸನಗರಕ್ಕೆ ಹೋಗಿದ್ದಾಗ ಉಸಿರು ಸಿಕ್ಕಿಕೊಂಡಿತು. ನಾವು ತೀರ್ಥಹಳ್ಳಿಯಲ್ಲಿ ಒಂದು ಮದುವೆಯಲ್ಲಿದ್ದೆವು. ಫೋನು ಬಂದದ್ದೇ ನಮ್ಮೆಜಮಾನರು ಎಲೆಯ ಮುಂದಿನಿಂದ ಎದ್ದು ಕಾರು ತೆಗೆದರು. ಆಸ್ಪತ್ರೆಯಲ್ಲಿ ಬಾಯಮ್ಮ ಕಣ್ಣು ಬಿಟ್ಟು ನೋಡಿ, "ಪಾಯಸ ಬಿಟ್ಟು ಬಂದ್ರಾ ಟೀಚರೇ?" ಎಂದರು. ಆಮೇಲೆ ಮಾತಿಲ್ಲ. ಸಂಜೆಯೊಳಗೆ ಹೋದರು.

ಜಾರ್ಖಂಡಿಗೆ ನಾನೇ ಫೋನು ಮಾಡಿದೆ. ಹುಡುಗಿ ಸಾಗರದಲ್ಲಿ ಕಲಿತ ಕನ್ನಡದಲ್ಲಿ ಒಂದೇ ಒಂದು ಮಾತು ಕೇಳಿದಳು: "ಹತ್ರ ಯಾರಾದ್ರೂ ಇದ್ರಾ ಅಮ್ಮ?"

"ನಾನಿದ್ದೆ" ಎಂದೆ.