ಮೊರದಲ್ಲಿದ್ದ ಬ್ಯಾಕ್ಟೀರಿಯಾ

ಗೆಳೆಯರೇ, ನನ್ನ ಪ್ರಯೋಗವನ್ನು ಇವತ್ತು ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ತಿಂದುಬಿಟ್ಟರು.

ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ ಬಿಸಿಲು, ಗಾಳಿ ಏನು ಮಾಡುತ್ತವೆಂದು ಅವರಿಗೆ ತೋರಿಸಬೇಕಿತ್ತು. ನಾಲ್ಕು ದಿನದ ಹಿಂದೆ, ಕಬಡ್ಡಿ ಆಡಿ ಬೆವೆತು ಬಂದ ಹುಡುಗರ ಅಂಗೈಗಳನ್ನು ಬೇಯಿಸಿದ ಆಲೂಗಡ್ಡೆ ಬಿಲ್ಲೆಗಳ ಮೇಲೆ ಒತ್ತಿಸಿದ್ದೆ. ಅರ್ಧ ಬಿಲ್ಲೆಗಳನ್ನು ಮೊರದಲ್ಲಿ ಹರವಿ ನಮ್ಮ ಮಾಳಿಗೆಯ ಬಿಸಿಲಿಗಿಟ್ಟೆ. ಉಳಿದವನ್ನು ಡಬ್ಬಿಗೆ ಹಾಕಿ, ಒಳಗಿನ ಆಮ್ಲಜನಕ ಕಡಿಮೆಯಾಗಲೆಂದು ಮೇಣದಬತ್ತಿ ಹಚ್ಚಿಟ್ಟು ಬಿಗಿಯಾಗಿ ಮುಚ್ಚಿದ್ದೆ.

ಇವತ್ತು ಸಾಹೇಬರು ಹಾಸನದ ಬಸ್ಸಿಳಿದು, ಕೋಟು ರುಮಾಲಿನ ಸಮೇತ, ಹೊಳೆನರಸೀಪುರದ ನಮ್ಮ ಮನೆಗೇ ಕಾಫಿಗೆ ಬಂದರು. ನಾನು ಮಾಳಿಗೆ ಹತ್ತಿದರೆ ಮೊರ ಖಾಲಿ! ಇಳಿದು ಅಡುಗೆಮನೆಗೆ ಓಡಿದೆ.

"ಅವ್ವಾ, ನನ್ನ ಬಿಲ್ಲೆ ಎಲ್ಲಿ?"

"ನನ್ನ ಸಂಡಿಗೆ ಜತೇಲೇ ಒಣಗಿದ್ವು ಕಣ್ಲಾ. ಸಾಹೇಬ್ರು ಬಂದವ್ರೆ ಅಂತ ಕರಿದ್ಬುಟ್ಟೆ."

"ಡಬ್ಬೀದು?"

"ಅಯ್ಯೋ, ಅವು ನಾತ ಒಡೀತಿದ್ವು. ತಿಪ್ಪೆಗೆ ಎಸ್ದೆ. ಯಾಕ್ಲಾ ಅಂಗೆ ನೋಡ್ತೀಯ?"

ಪ್ರಯೋಗದ ಫಲಿತಾಂಶವೇನೋ ಸಿಕ್ಕಿತು. ಪುರಾವೆ ಮಾತ್ರ ಸಾಹೇಬರ ಬಾಯಲ್ಲಿತ್ತು.

"ಭೇಷ್, ಗರಿಗರಿಯಾಗಿದೆ! ಉಪ್ಪಂತೂ ಹದವಾಗಿ ಹಿಡಿದಿದೆ," ಎಂದರು.

ಅವ್ವ ನಾಚಿಕೊಂಡು, "ಉಪ್ಪೇ ಆಕಿಲ್ಲ ಸಾ, ಅವಸರದಾಗೆ ಮರ್ತೋಯ್ತು," ಎಂದಳು.

ಸಾಹೇಬರು ಬೆರಗಾಗಿ ಇನ್ನೊಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. ಆ ಉಪ್ಪು ಎಲ್ಲಿಂದ ಬಂತೆಂದು ವಿವರಿಸುವುದು ವಿಜ್ಞಾನದ ಮೇಷ್ಟ್ರಾದವನ ಧರ್ಮ. ಆದರೆ ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ.